ಮೇಜುಗಾತ್ರದ ಎನ್‌ಎಂಆರ್ ಉಪಕರಣ

ಶಾಶ್ವತ ಕಾಂತದ ನೆರವಿನಿಂದ, ದ್ರವ ಹೀಲಿಯಂನ ಹಂಗಿಲ್ಲದೆ ನ್ಯೂಕ್ಲಿಯರ್ ಕಾಂತೀಯ ಅನುರಣನದ (ಎನ್‌ಎಂಆರ್) ಮೂಲಕ ಅಣುಗಳ ರಚನೆಯನ್ನೂ ಪ್ರಮಾಣವನ್ನೂ ಅಳೆಯುವ ಪುಟ್ಟ ರೋಹಿತಮಾಪಕ. ಪ್ರೋಟಾನ್ ಆವರ್ತನ ಸಾಮಾನ್ಯವಾಗಿ 40ರಿಂದ 100 ಮೆಗಾಹರ್ಟ್ಸ್. ಕ್ಷೇತ್ರಬಲ ಸುಮಾರು 1ರಿಂದ 2.35 ಟೆಸ್ಲಾ.

ಕಾಂತ

1980ರ ದಶಕದಲ್ಲಿ ಬಂದ ನಿಯೋಡಿಮಿಯಂ ಕಾಂತಗಳು ಮತ್ತು ಕ್ಲೌಸ್ ಹಾಲ್ಬಾಕ್ ಹೆಸರಿನ ವರ್ತುಲ ಜೋಡಣೆ ಉಪಕರಣ ಹೀಗೆ ಕುಗ್ಗಲು ದಾರಿ ಮಾಡಿದವು. ತೊಡಕು ಶಾಖದ್ದು. ಉಷ್ಣತೆ 1 ಡಿಗ್ರಿ ಏರಿದರೆ ನಿಯೋಡಿಮಿಯಂ ಕಾಂತದ ಬಲ ಸುಮಾರು ಸಾವಿರದಲ್ಲೊಂದು ಪಾಲು ಇಳಿಯುತ್ತದೆ. ಸಾಮಾನ್ಯ ಪ್ರೋಟಾನ್ ರೋಹಿತದ ಹರವೋ ದಶಲಕ್ಷದಲ್ಲಿ ಹನ್ನೆರಡರಷ್ಟು ಮಾತ್ರ. ಹಾಗಾಗಿ ಕಾಂತವನ್ನು ಸ್ಥಿರ ಉಷ್ಣತೆಯಲ್ಲಿಟ್ಟು, ಉಳಿದ ಅಲುಗಾಟವನ್ನು ವಿದ್ಯುನ್ಮಾನ ಲಾಕ್‌ನಿಂದ ಸರಿಪಡಿಸುತ್ತಾರೆ. ಕಡಿಮೆ ಕ್ಷೇತ್ರದಲ್ಲಿ ರೋಹಿತದ ಶಿಖರಗಳು ಒಂದರ ಮೇಲೊಂದು ಬೀಳುವುದಕ್ಕೆ ಮಾತ್ರ ಪೂರ್ಣ ಪರಿಹಾರವಿಲ್ಲ.

ಹರಿಯುವ ದ್ರವ: ಬೆಂಗಳೂರಿನ ಪ್ರಯೋಗ

ಕ್ರಿಯಾಪಾತ್ರೆಯ ದ್ರವವನ್ನು ಸಣ್ಣ ಕೊಳವೆಯಲ್ಲಿ ಕಾಂತದ ಮೂಲಕ ಹಾಯಿಸಿ, ಕ್ರಿಯೆ ನಡೆಯುತ್ತಿರುವಾಗಲೇ ಅಳೆಯುವುದು ಈ ಉಪಕರಣದ ಅತ್ಯಂತ ಮಹತ್ವದ ಬಳಕೆ ಎನ್ನಬಹುದು. ಇದರ ಬೇರು ಕರ್ನಾಟಕದಲ್ಲಿದೆ. ಎಡ್ವರ್ಡ್ ಪರ್ಸೆಲ್ ಹಾಗೂ ಫೆಲಿಕ್ಸ್ ಬ್ಲಾಕ್ ಅವರ ಎನ್‌ಎಂಆರ್ ಶೋಧಕ್ಕೆ ನೊಬೆಲ್ ಬರುವ ಹಿಂದಿನ ವರ್ಷವೇ, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವಗಳಲ್ಲಿನ ಅನುರಣನವನ್ನು ಪ್ರಕಟಿಸಿದರು. ನಿಂತ ನೀರಿಗೆ ರೇಡಿಯೊ ಅಲೆ ಹೆಚ್ಚು ಬಿದ್ದರೆ ನ್ಯೂಕ್ಲಿಯಸ್‌ಗಳು ಪರ್ಯಾಪ್ತಗೊಂಡು ಸಂಕೇತ ಕುಂದುತ್ತದೆ. ನೀರು ಹರಿದರೆ ದಣಿಯದ ನ್ಯೂಕ್ಲಿಯಸ್‌ಗಳು ಸಂಕೇತ ಹಿಡಿಯುವ ಸುರುಳಿಯೊಳಗೆ ಬರುತ್ತವೆ. ಸಂಕೇತ ಮರಳಿ ಏರುತ್ತದೆ. 1959ರಲ್ಲಿ ಜೆ. ಆರ್. ಸಿಂಗರ್ ಇದೇ ವಿಧಾನದಲ್ಲಿ ರಕ್ತದ ಹರಿವನ್ನು ಅಳೆಯಲು ಹೊರಟರು. ಸೂರ್ಯನ್ ಅವರ ಹೆಸರು ನಮ್ಮ ಪಠ್ಯಗಳಲ್ಲಿ ಇನ್ನೂ ಎದ್ದು ಕಾಣಬೇಕಿತ್ತು.

ಪುಟ್ಟ ಕಾಂತದಲ್ಲಿ ಇದೇ ತತ್ತ್ವ ಎದುರು ದಿಕ್ಕಿಗೂ ಎಳೆಯುತ್ತದೆ. ನೀರಿನ ಪ್ರೋಟಾನ್‌ಗಳು ಕ್ಷೇತ್ರಕ್ಕೆ ಹೊಂದಿಕೊಳ್ಳಲು ಕೆಲವು ಸೆಕೆಂಡು ಬೇಕು. ಕಾಂತದೊಳಗಿನ ದಾರಿ ಗಿಡ್ಡವಾದ್ದರಿಂದ ವೇಗ ಹೆಚ್ಚಿದರೆ ಅವು ಹೊಂದಿಕೊಳ್ಳುವ ಮುನ್ನವೇ ಸುರುಳಿ ದಾಟುತ್ತವೆ. ಹರಿವಿನ ವೇಗವನ್ನು ಲೆಕ್ಕಕ್ಕೆ ಹಿಡಿಯದೆ ಓದಿದ ಪ್ರಮಾಣ ನಂಬಲರ್ಹವಲ್ಲ.

ನಂಜನಗೂಡು, ಟಿ. ನರಸೀಪುರ

ಉಪಕರಣದ ಸ್ಥಳೀಯ ಬಳಕೆಗೆ ಮೈಸೂರು ಜಿಲ್ಲೆಯ ಈ ಎರಡು ಊರುಗಳನ್ನು ನೋಡಬಹುದು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಔಷಧ ಮೂಲವಸ್ತುಗಳೂ ಇನ್‌ಸ್ಟಂಟ್ ಕಾಫಿಯೂ ತಯಾರಾಗುತ್ತವೆ. ಔಷಧ ತಯಾರಿಕೆಯಲ್ಲಿ ಕಚ್ಚಾವಸ್ತುವಿನ ಗುರುತು, ದ್ರಾವಕಗಳ ಅನುಪಾತ, ಕ್ರಿಯೆ ಮುಗಿದ ಹೊತ್ತು ಇವುಗಳನ್ನು ತಿಳಿಯಲು ಈ ಉಪಕರಣ ತಕ್ಕದ್ದು. ಕಾಫಿಯ ವಿಷಯದಲ್ಲಿ, ಹುರಿದ ಅರೇಬಿಕಾ ಪುಡಿಗೆ ರೊಬಸ್ಟಾ ಬೆರೆತಿರುವುದನ್ನು 16-ಒ-ಮೀಥೈಲ್‌ಕೆಫೆಸ್ಟಾಲ್ ಶಿಖರದಿಂದ 60 ಮೆಗಾಹರ್ಟ್ಸ್‌ನಲ್ಲೇ ಪತ್ತೆ ಮಾಡಬಹುದು. ಆದರೆ ಅದು ಎಣ್ಣೆಯಂಶದಲ್ಲಿರುವ ವಸ್ತು. ನೀರಿನಲ್ಲಿ ಇಳಿಸಿ ಮಾಡುವ ಇನ್‌ಸ್ಟಂಟ್ ಪುಡಿಗೆ ಈ ಪರೀಕ್ಷೆಯನ್ನು ಹಾಗೇ ಅನ್ವಯಿಸಲಾಗದು.

ಟಿ. ನರಸೀಪುರ ಭತ್ತದ ಸೀಮೆ. ಭತ್ತದ ತೇವ ನೋಡಲು ಅಗ್ಗದ ವಿದ್ಯುತ್ ಮೀಟರ್ ಸಾಕು, ಅದಕ್ಕೆ ಈ ಉಪಕರಣ ಬೇಕಿಲ್ಲ. ಆದರೆ ಎಣ್ಣೆಕಾಳಿನ ಎಣ್ಣೆ ಮತ್ತು ತೇವಾಂಶಗಳನ್ನು ಒಟ್ಟಿಗೆ ಅಳೆಯುವಲ್ಲಿ ಸರಳ ಎನ್‌ಎಂಆರ್‌ಗೆ ಮನ್ನಣೆಯಿದೆ. ಐಎಸ್‌ಒ 10565 ಅದರ ಮಾನಕ.

ಮಿತಿ

ಸಂವೇದನೆ ಸ್ಥೂಲವಾಗಿ ಮಿಲಿಮೋಲಾರ್ ಮಟ್ಟದ್ದು. 2018ರಲ್ಲಿ ವಲ್ಸಾರ್ಟಾನ್ ಮಾತ್ರೆಗಳನ್ನು ಹಿಂಪಡೆಯಲು ಕಾರಣವಾದ ನೈಟ್ರೋಸಮೀನ್‌ನಂಥ ಅತ್ಯಲ್ಪ ಕಲ್ಮಶಗಳನ್ನು ಇದರಲ್ಲಿ ಹುಡುಕಬಾರದು. ಅದಕ್ಕೆ ಕ್ರೊಮ್ಯಾಟೊಗ್ರಫಿ ಜೋಡಿಸಿದ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು.