‘ಕಲಬೆರಕೆ’ ಶಬ್ದದ ಮೂಲವೂ ಅರ್ಥವೂ

ಯಾದಗಿರಿ, ಶಹಾಪುರ, ಸುರಪುರಗಳ ಆಡುನುಡಿಯನ್ನು ‘ಕಲಬೆರಕೆಯ ಕನ್ನಡ’ವೆಂದು ತೀರ್ಮಾನಿಸಿಬಿಡುವುದು ವಿದ್ವಾಂಸರಲ್ಲಿಯೂ ಕೆಲವರಿಗೆ ರೂಢಿಯಾಗಿದೆ. ಆ ತೀರ್ಮಾನವನ್ನು ಅಂಗೀಕರಿಸುವ ಮುನ್ನ ಶಬ್ದವನ್ನೇ ವಿಚಾರಿಸುವುದು ಯುಕ್ತ.

ಇದರ ಪೂರ್ವಪದವಾದ ‘ಕಲ’ಕ್ಕೆ ಸಂಸ್ಕೃತದ ‘ಕಲಾ’ಶಬ್ದದ ಸಂಬಂಧವಿಲ್ಲ. ಅದು ಕಲೆ, ಕಲಸು ಎಂಬ ನಮ್ಮ ಕ್ರಿಯಾಪದಗಳ ಮೂಲವೇ. ತಮಿಳಿನ ‘ಕಲ’, ತೆಲುಗಿನ ‘ಕಲಿಯು’, ‘ಕಲುಪು’ ಇದರ ಸಜಾತೀಯಗಳು. ಉತ್ತರಪದವಾದ ‘ಬೆರಕೆ’ಯು ‘ಬೆರೆ’ ಧಾತುವಿನಿಂದ ಬಂದ ಭಾವನಾಮ. ತಮಿಳಿನ ‘ವಿರಲ್’ ನಮ್ಮಲ್ಲಿ ‘ಬೆರಳ್’ ಆದಂತೆ ಅಲ್ಲಿಯ ‘ವಿರವು’ ಇಲ್ಲಿಯ ‘ಬೆರೆ’ಗೆ ಸರಿಹೊಂದುತ್ತದೆ. ಎಂದಮೇಲೆ ‘ಕಲಬೆರಕೆ’ಯು ‘ಕೆಲಸಕಾರ್ಯ’ದಂತೆ ಸಮಾನಾರ್ಥಕಗಳೆರಡರ ಜೋಡಿ.

ಆದರೂ ಎರಡಕ್ಕೂ ಸೂಕ್ಷ್ಮವಾದ ಭೇದವುಂಟು. ಜೋಳದ ಹಿಟ್ಟಿಗೆ ಕುದಿಯುವ ನೀರು ಹೊಯ್ದು ಕಲಸುತ್ತಾರೆ, ಬಳಿಕ ನಾದುತ್ತಾರೆ. ಅಲ್ಲಿ ‘ಬೆರಸು’ವೆಂದರೆ ಒಪ್ಪದು. ಹಾಲಿಗೆ ನೀರನ್ನು ಬೆರಸುವರೇ ಹೊರತು ಕಲಸುವುದಿಲ್ಲ. ಹಳಗನ್ನಡದಲ್ಲಿಯಂತೂ ‘ಬೆರಸು’ ಎಂಬುದಕ್ಕೆ ‘ಸಹಿತ’ವೆಂಬ ಅರ್ಥವೂ ಇದ್ದಿತು, ಅರಸನು ಪರಿವಾರಂಬೆರಸು ಹೊರಡುತ್ತಿದ್ದನು. ಇಲ್ಲಿ ನಿಂದೆಯ ಸೋಂಕೂ ಇಲ್ಲ.

ಯಾದಗಿರಿಗೆ ಉತ್ತರದಲ್ಲಿರುವ ಮಳಖೇಡವೇ ಅಮೋಘವರ್ಷನ (814–878) ರಾಜಧಾನಿಯಾಗಿದ್ದ ಮಾನ್ಯಖೇಟ. ಅವನ ಆಸ್ಥಾನದ ಕವಿರಾಜಮಾರ್ಗವು ಬೆರಕೆಯನ್ನು ದೂಷಿಸಿದೆಯೆಂದು ಆಕ್ಷೇಪಿಸುವವರಿರಬಹುದು. ಹೌದು, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರಸಿದಂತೆ ಎಂಬ ಉಪಮಾನವು ಅಲ್ಲಿದೆ. ಆದರೆ ದೂಷಣೆಯು ಸಂಸ್ಕೃತ ಕನ್ನಡ ಪದಗಳನ್ನು ಒಂದೇ ಸಮಾಸದೊಳಗೆ ಬೆಸೆಯುವುದಕ್ಕೆ ಮಾತ್ರ ಸಂಬಂಧಿಸಿದುದು. ಭಾಷೆಗೆ ಅನ್ಯದೇಶ್ಯಗಳು ಬರುವುದಕ್ಕಲ್ಲ. ಕೇಶಿರಾಜನೂ ಅರಿಸಮಾಸವನ್ನು ನಿಷೇಧಿಸಿದನಾದರೂ ಬಿರುದಾವಳಿಗಳಿಗೂ ಪೂರ್ವಕವಿಪ್ರಯೋಗಗಳಿಗೂ ವಿನಾಯಿತಿ ಕೊಟ್ಟನು. ‘ಕಲಬೆರಕೆ’ಯಾದರೋ ಉಭಯತ್ರವೂ ಅಚ್ಚಗನ್ನಡ! ಅದಕ್ಕೆ ಹೀನಾರ್ಥವು ಅಂಟಿಕೊಂಡುದು ಹಾಲು, ಕಾಳು, ಎಣ್ಣೆಗಳ ವ್ಯಾಪಾರದಿಂದಲೇ ಎಂದು ನನ್ನ ಎಣಿಕೆ.

ಸುರಪುರದ ನಾಯಕರ ಆಳಿಕೆಯು 1858ರ ದಂಗೆಯೊಡನೆ ಮುಗಿಯಿತು. ಆಮೇಲೆ 1948ರವರೆಗೆ ಈ ಸೀಮೆಯೆಲ್ಲ ನಿಜಾಮನ ರಾಜ್ಯದಲ್ಲಿದ್ದು, ಉರ್ದುವು ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಪ್ರಬಲವಾಯಿತು. ‘ಮಿಲಾಯಿಸು’ ಅಂಥ ಸಂಪರ್ಕದ ಶಬ್ದ. ಉರ್ದುವಿನ ‘ಮಿಲಾನಾ’ಕ್ಕೆ ಕನ್ನಡದ ‘ಇಸು’ ಪ್ರತ್ಯಯ ಸೇರಿ ಆದುದು. ಅದರ ಮೂಲವು ಸಂಸ್ಕೃತದ ‘ಮಿಲ್’ ಧಾತುವೇ. ನಮ್ಮ ಕವಿಗಳ ‘ಮಿಳಿತ’ವೂ ಅದರಿಂದಲೇ ಹುಟ್ಟಿದುದು. ಒಂದನ್ನು ಪ್ರೌಢವೆಂದು ಮನ್ನಿಸಿ, ಇನ್ನೊಂದನ್ನು ವಿದ್ಯಾರ್ಥಿಯ ಬರಹದಿಂದ ಹೊಡೆದುಹಾಕುವ ಉಪಾಧ್ಯಾಯರು ‘ಕೈ ಮಿಲಾಯಿಸಿದರು’ ಎಂದು ಬೆಂಗಳೂರಿನ ಪತ್ರಿಕೆಗಳೇ ಅಚ್ಚುಮಾಡುವುದನ್ನು ನೋಡಬೇಕು.