ಪೀಣ್ಯದ ಕುಲುಮೆ, ಮಲ್ಪೆಯ ಚುಕ್ಕಾಣಿ

ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಶೆಡ್ಡುಗಳಲ್ಲಿ ಕುಲುಮೆಯ ಪಕ್ಕದ ಪ್ಯಾನೆಲ್ಲಿಗೆ ಅಂಗೈಯಗಲದ ಒಂದು ಡಬ್ಬಿ ಕೂರಿಸಿರುತ್ತಾರೆ. ಅದರ ಮೇಲೆ ಎರಡು ಸಾಲು ಅಂಕಿ. ಒಂದು, ಕುಲುಮೆಯ ಬಿಸಿ ಎಷ್ಟಿರಬೇಕು ಎಂಬುದು. ಇನ್ನೊಂದು, ಈಗ ಎಷ್ಟಿದೆ ಎಂಬುದು. ಉಕ್ಕಿನ ಗೇರನ್ನು ಗಟ್ಟಿ ಮಾಡಲು 850 ಡಿಗ್ರಿ ಬೇಕೆಂದರೆ ಡಬ್ಬಿ ಬಿಸಿಯನ್ನು ಅಲ್ಲಿಗೇ ತಂದು ನಿಲ್ಲಿಸುತ್ತದೆ. ಅದರ ಸೆಟ್ಟಿಂಗಿನೊಳಗೆ ಹೋದರೆ ಪಿ, ಐ, ಡಿ ಎಂಬ ಮೂರು ಅಕ್ಷರಗಳು ಸಿಗುತ್ತವೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ಪರೀಕ್ಷೆಯ ಪಾಠ, ಶೆಡ್ಡಿನವರಿಗೆ ದಿನದ ಕೆಲಸ. ಆದರೆ ಈ ಮೂರಕ್ಷರದ ಲೆಕ್ಕವನ್ನು ಮೊದಲು ಗಣಿತವಾಗಿ ಬಿಡಿಸಿ ಬರೆದದ್ದು ಕುಲುಮೆಗಾಗಿ ಅಲ್ಲ, ಹಡಗಿನ ಚುಕ್ಕಾಣಿಗಾಗಿ. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಪೀಣ್ಯಕ್ಕೆ ಅದು ಬಂದು ಸೇರಿತು. ಪೀಣ್ಯದಿಂದ ಸಮುದ್ರಕ್ಕೆ ಹೋದದ್ದೂ ಇದೆ. ಈ ಎರಡು ದಾರಿಗಳು ಕೂಡುವುದು ಇಂದಿನ ಒಂದು ಸಣ್ಣ ಮೀನುಗಾರಿಕೆ ಬೋಟಿನ ಕ್ಯಾಬಿನ್ನಿನಲ್ಲಿ, ಆಟೋಪೈಲಟ್ ಎಂಬ ಯಂತ್ರದ ಮುಂದೆ.

1922ರಲ್ಲಿ ನಿಕೊಲಸ್ ಮಿನೋರ್ಸ್ಕಿ ಎಂಬ ರಷ್ಯಾ ಮೂಲದ ಇಂಜಿನಿಯರು ಅಮೆರಿಕದ ನೌಕಾ ಇಂಜಿನಿಯರುಗಳ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದರು. ತಾವಾಗಿಯೇ ದಿಕ್ಕು ಹಿಡಿದು ಸಾಗುವ ವಸ್ತುಗಳ ಸ್ಥಿರತೆ ಅದರ ವಿಷಯ. ಅವರು ಮೊದಲು ಗಮನಿಸಿದ್ದು ಯಂತ್ರವನ್ನಲ್ಲ, ಚುಕ್ಕಾಣಿ ಹಿಡಿದ ಮನುಷ್ಯನನ್ನು. ನುರಿತ ಚುಕ್ಕಾಣಿಗ ಕೈಯಲ್ಲಿ ಏನು ಮಾಡುತ್ತಾನೆ? ಹಡಗು ದಿಕ್ಕಿನಿಂದ ಎಷ್ಟು ಜಾರಿದೆಯೋ ಅಷ್ಟಕ್ಕೆ ತಕ್ಕಂತೆ ಚಕ್ರ ತಿರುಗಿಸುತ್ತಾನೆ. ಗಾಳಿಯೋ ನೀರಿನ ಸೆಳೆತವೋ ಒಂದೇ ಬದಿಗೆ ತಳ್ಳುತ್ತಲೇ ಇದ್ದರೆ, ಬಹಳ ಹೊತ್ತಿನಿಂದ ಕೂಡಿಬಂದ ತಪ್ಪನ್ನು ನೆನಪಿಟ್ಟುಕೊಂಡು ಚಕ್ರವನ್ನು ಸ್ವಲ್ಪ ಅದರ ಎದುರು ಬದಿಗೇ ಹಿಡಿದಿರುತ್ತಾನೆ. ಹಡಗಿನ ಮೂತಿ ಬೇಗ ತಿರುಗುತ್ತಿದ್ದರೆ, ಸರಿಯಾದ ದಿಕ್ಕು ತಲುಪುವ ಮೊದಲೇ ಚಕ್ರವನ್ನು ಎದುರಿಗೆ ತಿರುಗಿಸಿ ತಡೆಯುತ್ತಾನೆ. ಈಗಿನ ತಪ್ಪು, ಕೂಡಿಬಂದ ತಪ್ಪು, ಬರಲಿರುವ ತಪ್ಪು: ಪಿ, ಐ, ಡಿ ಎಂದರೆ ಇಷ್ಟೇ. ಕುಲುಮೆ 850 ಮುಟ್ಟುವ ಮೊದಲೇ ಕರೆಂಟು ತಗ್ಗಿಸುವ ಡಬ್ಬಿ ಮಾಡುವುದೂ ಇದನ್ನೇ.

ಮಿನೋರ್ಸ್ಕಿಯ ಯಂತ್ರವನ್ನು ಅಮೆರಿಕದ ‘ನ್ಯೂ ಮೆಕ್ಸಿಕೊ’ ಯುದ್ಧನೌಕೆಯಲ್ಲಿ ಪರೀಕ್ಷಿಸಿದರು. ಮೊದಲೆರಡು ಲೆಕ್ಕಗಳಷ್ಟೇ ಇದ್ದಾಗ ಹಡಗು ಎರಡು ಡಿಗ್ರಿ ಆಚೀಚೆ ತೂಗಾಡಿತು. ಮೂರನೆಯದೂ ಸೇರಿದ ಮೇಲೆ ತೂಗಾಟ ಡಿಗ್ರಿಯ ಆರನೆಯ ಒಂದು ಭಾಗಕ್ಕೆ ಇಳಿಯಿತು. ಹೆಚ್ಚಿನ ಚುಕ್ಕಾಣಿಗರಿಗೆ ಅದು ಸಾಧ್ಯವಿಲ್ಲ. ಆದರೂ ಹಡಗಿನವರು ಒಪ್ಪಲಿಲ್ಲ, ನೌಕಾಪಡೆ ಅದನ್ನು ಅಳವಡಿಸಿಕೊಳ್ಳಲಿಲ್ಲ. ಅದೇ ಹೊತ್ತಿಗೆ ಎಲ್ಮರ್ ಸ್ಪೆರಿಯ ಕಂಪನಿ ಗೈರೊ ದಿಕ್ಸೂಚಿ ಜೋಡಿಸಿದ ಸ್ವಯಂಚಾಲಿತ ಚುಕ್ಕಾಣಿಯನ್ನು ವ್ಯಾಪಾರಿ ಹಡಗುಗಳಿಗೆ ಮಾರತೊಡಗಿತ್ತು. ನಾವಿಕರು ಅದಕ್ಕೆ ‘ಮೆಟಲ್ ಮೈಕ್’ ಎಂದು ಹೆಸರಿಟ್ಟರು. ಸಂಬಳ ಕೇಳದ, ನಿದ್ದೆ ಮಾಡದ ಒಬ್ಬ ಸಹೋದ್ಯೋಗಿ ಬಂದಂತೆ.

ನಮ್ಮ ಕರಾವಳಿಯ ದೋಣಿಗಳಿಗೆ ಆಗ ಇಂಥ ಸಹೋದ್ಯೋಗಿ ಬೇಕಿರಲಿಲ್ಲ. ರಂಪಣಿ ಬಲೆಯ ಕೆಲಸ ದಡಕ್ಕೆ ಅಂಟಿಕೊಂಡದ್ದು. ಬಲೆ ಬಿಟ್ಟುಬರುವ ದೋಣಿಗೆ ದಡ ಕಾಣುತ್ತಲೇ ಇರುತ್ತದೆ. ಸ್ವಲ್ಪ ದೂರ ಹೋದವರಿಗೆ ಘಟ್ಟದ ಸಾಲಿನ ಗುರುತಿನ ಶಿಖರಗಳಿದ್ದವು, ರಾತ್ರಿಗೆ ನಕ್ಷತ್ರಗಳಿದ್ದವು, 1901ರಿಂದ ಕಾಪುವಿನ ದೀಪಸ್ತಂಭವಿತ್ತು. ಯಂತ್ರದ ಬೋಟುಗಳು ಬಂದವು, 1970ರ ದಶಕದಲ್ಲಿ ಪರ್ಸೀನ್ ಬಲೆ ಬಂತು, ರಂಪಣಿಯವರಿಗೂ ಪರ್ಸೀನಿನವರಿಗೂ ಜಗಳವಾಯಿತು. ಆಮೇಲೆ ಟ್ರಾಲ್ ಬೋಟುಗಳು ಆಳಸಮುದ್ರಕ್ಕೆ ಹೋಗತೊಡಗಿದವು. ಇವತ್ತು ಮಲ್ಪೆಯಿಂದ ಹೊರಟ ಆಳಸಮುದ್ರದ ಬೋಟು ವಾರ, ಹತ್ತು ದಿನ ನೀರಿನ ಮೇಲೆಯೇ ಇರುತ್ತದೆ. ಉತ್ತರಕ್ಕೆ ಗೋವಾ ದಾಟಿ ಮಹಾರಾಷ್ಟ್ರದ ಆಚೆಗೂ ಹೋಗುತ್ತದೆ. ಅದರಲ್ಲಿರುವುದು ಏಳೆಂಟು ಜನ. ಬಲೆ ಬಿಡುವವರು, ಎಳೆಯುವವರು, ಮೀನು ಬೇರ್ಪಡಿಸಿ ಐಸು ಹಾಕುವವರು, ಅಡುಗೆ ಮಾಡುವವರು ಎಲ್ಲ ಅವರೇ. ಗಂಟೆಗಟ್ಟಲೆ ಚಕ್ರ ಹಿಡಿದು ನಿಲ್ಲಲು ಬೇರೆ ಆಳು ಎಲ್ಲಿದೆ? ತಾಂಡೇಲನ ತೋಳು ಸೋಲುವುದು ಇಲ್ಲಿಯೇ.

ಆದರೆ ತಾಂಡೇಲನ ಮೊದಲ ಪ್ರಶ್ನೆ ದಿಕ್ಕಿನದ್ದಾಗಿರಲಿಲ್ಲ, ಜಾಗದ್ದಾಗಿತ್ತು. ನಿನ್ನೆ ಮೀನು ಸಿಕ್ಕಿದ ಜಾಗ ಯಾವುದು? ಬಲೆ ಹರಿದ ಬಂಡೆ ಎಲ್ಲಿತ್ತು? ಇದಕ್ಕೆ ಉತ್ತರ ಕೊಟ್ಟದ್ದು ಜಿಪಿಎಸ್. ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಅಮೆರಿಕ ಬೇಕೆಂದೇ ಕೆಡಿಸಿ ಬಿಡುತ್ತಿತ್ತು. ನೂರು ಮೀಟರಿನ ತನಕ ತಪ್ಪು ಬರುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅದನ್ನು ನಿಲ್ಲಿಸಿದ ಮೇಲೆ ಸಣ್ಣ ಜಿಪಿಎಸ್ ಡಬ್ಬಿಯೂ ಹತ್ತಿಪ್ಪತ್ತು ಮೀಟರಿನೊಳಗೆ ಜಾಗ ತೋರಿಸತೊಡಗಿತು. ಜಿಪಿಎಸ್, ಫಿಶ್ ಫೈಂಡರ್, ವಯರ್‌ಲೆಸ್ ಈ ಮೂರು ನಮ್ಮ ಆಳಸಮುದ್ರದ ಬೋಟುಗಳ ಸಾಮಾನ್ಯ ಸರಂಜಾಮುಗಳಾದವು.

ಜಾಗ ತಿಳಿಸುವ ಈ ವಿದ್ಯೆಯ ಭಾರತೀಯ ಅಧ್ಯಾಯವನ್ನು ಹುಡುಕಿದರೆ ಮತ್ತೆ ಪೀಣ್ಯಕ್ಕೇ ಬರಬೇಕು. 1970ರ ದಶಕದ ಆರಂಭದಲ್ಲಿ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಒಂದು ತಂಡ ದೇಶದ ಮೊದಲ ಉಪಗ್ರಹವನ್ನು ಕಟ್ಟಲು ಕೂತಿತು. ಅದರ ನೇತೃತ್ವ ವಹಿಸಿದ್ದ ಯು. ಆರ್. ರಾವ್ ಉಡುಪಿ ಸೀಮೆಯ ಅದಮಾರಿನವರು. ಮಲ್ಪೆ ಬಂದರು ಅವರ ಊರಿಗೆ ದೂರವೇನಲ್ಲ. 360 ಕಿಲೋ ತೂಕದ ‘ಆರ್ಯಭಟ’ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಅದನ್ನು ಬುಗುರಿಯಂತೆ ತಿರುಗಿಸಿ ಸ್ಥಿರವಾಗಿಡುವ ಏರ್ಪಾಡಿತ್ತು. ತಿರುಗುವ ಬುಗುರಿ ತನ್ನ ದಿಕ್ಕು ಬಿಡುವುದಿಲ್ಲ ಎಂಬ ಈ ಗುಣವೇ ಸ್ಪೆರಿಯ ಗೈರೊ ದಿಕ್ಸೂಚಿಯ ಮೂಲವೂ ಹೌದು. ನಾಲ್ಕು ದಿನಕ್ಕೆ ವಿದ್ಯುತ್ ತೊಂದರೆಯಾಗಿ ಆರ್ಯಭಟದ ಪ್ರಯೋಗಗಳು ನಿಂತವು. ಆದರೆ ಉಪಗ್ರಹ ಕಟ್ಟಲು ಬಲ್ಲವರು ಬೆಂಗಳೂರಿನಲ್ಲಿ ತಯಾರಾಗಿದ್ದರು.

ಇಸ್ರೋದ ಉಪಗ್ರಹಗಳನ್ನು ಹಿಂಬಾಲಿಸಿ ನಿಯಂತ್ರಿಸುವ ಇಸ್ಟ್ರಾಕ್ ಕೇಂದ್ರ ಇಂದಿಗೂ ಪೀಣ್ಯದ ಎರಡನೇ ಹಂತದಲ್ಲಿದೆ. 2013ರಿಂದ 2016ರ ನಡುವೆ ನಮ್ಮದೇ ಸ್ಥಾನಸೂಚಕ ವ್ಯವಸ್ಥೆಯ ಏಳು ಉಪಗ್ರಹಗಳು ಮೇಲೇರಿದವು. ಅದಕ್ಕೆ ಇಟ್ಟ ಹೆಸರು ‘ನಾವಿಕ್’. ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ ಅದರ ನೆಲದ ಕೇಂದ್ರವಿದೆ. ದಾರಿ ಸುಗಮವಾಗಿರಲಿಲ್ಲ: ಮೊದಲ ಉಪಗ್ರಹದ ಮೂರೂ ಪರಮಾಣು ಗಡಿಯಾರಗಳು ಕೆಟ್ಟವು, ದೇಶದಲ್ಲೇ ತಯಾರಾದ ಗಡಿಯಾರ ಹೊತ್ತ ಉಪಗ್ರಹ 2023ರ ಮೇ 29ರಂದು ಮೇಲೇರಿತು. ಇತ್ತ ವೈಟ್‌ಫೀಲ್ಡಿನ ದಾರಿಯಲ್ಲಿ, ಕುಂದಲಹಳ್ಳಿಯಲ್ಲಿ, ‘ಗಗನ್’ ವ್ಯವಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವಿದೆ. ಜಿಪಿಎಸ್‌ನ ತಪ್ಪುಗಳನ್ನು ಲೆಕ್ಕಹಾಕಿ, ತಿದ್ದುಪಡಿಯನ್ನು ಉಪಗ್ರಹದ ಮೂಲಕ ಕಳಿಸುವುದು ಅದರ ಕೆಲಸ. ವಿಮಾನಗಳಿಗಾಗಿ ಮಾಡಿದ್ದು. ಆದರೆ 2017ರ ಓಖಿ ಚಂಡಮಾರುತದಲ್ಲಿ, ಮೊಬೈಲ್ ಸಿಗದ ದೂರದಲ್ಲಿದ್ದ ಕೇರಳ, ತಮಿಳುನಾಡಿನ ಮೀನುಗಾರರಿಗೆ ಎಚ್ಚರಿಕೆ ಮುಟ್ಟದೆ ಬಹಳ ಜನ ಸತ್ತರು. ಆಮೇಲೆ 2019ರ ಅಕ್ಟೋಬರಿನಲ್ಲಿ ಗಗನ್ ಮೂಲಕವೇ ಬೋಟುಗಳಿಗೆ ಚಂಡಮಾರುತದ, ಎತ್ತರದ ಅಲೆಯ, ಮೀನು ಸಿಗಬಹುದಾದ ಜಾಗದ ಸಂದೇಶ ಕಳಿಸುವ ‘ಜೆಮಿನಿ’ ಎಂಬ ಸಾಧನ ಬಂತು. ವೈಟ್‌ಫೀಲ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರು ಪಕ್ಕದಲ್ಲೇ ಇಂಥದೊಂದು ಇದೆಯೆಂದು ತಿಳಿದಿರಲಾರರು.

ಈಗ ಬೋಟಿಗೆ ಬರೋಣ. ಆಟೋಪೈಲಟ್ ಎಂದರೆ ನಾಲ್ಕು ಭಾಗ: ದಿಕ್ಕು ಹೇಳುವ ದಿಕ್ಸೂಚಿ, ಚುಕ್ಕಾಣಿ ಎಷ್ಟು ಹೊರಳಿದೆ ಎಂದು ತಿಳಿಸುವ ಸೆನ್ಸರ್, ಚುಕ್ಕಾಣಿ ಹೊರಳಿಸುವ ಮೋಟಾರು ಅಥವಾ ಹೈಡ್ರಾಲಿಕ್ ಪಂಪು, ಇವುಗಳ ನಡುವೆ ಪಿಐಡಿ ಲೆಕ್ಕ ಮಾಡುವ ಡಬ್ಬಿ. ಕೂರಿಸುವಾಗ ಹೆಚ್ಚು ಕಷ್ಟಕೊಡುವುದು ದಿಕ್ಸೂಚಿ. ಇಂಜಿನ್ನು, ಬಲೆ ಎಳೆಯುವ ವಿಂಚು, ವಯರ್‌ಲೆಸ್ಸಿನ ಸ್ಪೀಕರು, ಎಲ್ಲದರಲ್ಲೂ ಕಬ್ಬಿಣ ಅಥವಾ ಅಯಸ್ಕಾಂತ. ಅದರಿಂದ ದೂರ, ಬೋಟಿನ ತೂಗಾಟ ಕಡಿಮೆಯಿರುವ ನಡುಭಾಗದಲ್ಲಿ ಅದಕ್ಕೆ ಜಾಗ ಹುಡುಕಬೇಕು. ಆಮೇಲೆ ಅಲೆಯಿಲ್ಲದ ದಿನ ಬೋಟನ್ನು ನಿಧಾನವಾಗಿ ಸುತ್ತು ಹೊಡೆಸಬೇಕು. ಬೋಟಿನ ಸ್ವಂತ ಕಬ್ಬಿಣ ಎಷ್ಟು ಸೆಳೆಯುತ್ತದೆ ಎಂಬುದನ್ನು ಯಂತ್ರ ಆಗ ಕಲಿಯುತ್ತದೆ. ಚುಕ್ಕಾಣಿಯ ನೇರ ಸ್ಥಿತಿ ಯಾವುದು, ಎರಡೂ ಬದಿಗೆ ಎಲ್ಲಿಯ ತನಕ ಹೊರಳಬಹುದು ಎಂಬುದನ್ನೂ ತೋರಿಸಿಕೊಡಬೇಕು. ಮೀನು ತುಂಬಿದ ಬೋಟು ಖಾಲಿ ಬೋಟಿನಂತೆ ತಿರುಗುವುದಿಲ್ಲ. ಹಾಗಾಗಿ ಎಷ್ಟು ಬೇಗ ತಿದ್ದಬೇಕು ಎಂಬುದನ್ನು ಹೋಗುವಾಗ ಒಂದು ಥರ, ಬರುವಾಗ ಒಂದು ಥರ ಇಡಬೇಕಾದೀತು. ಕುಲುಮೆಗೆ ಸರಕು ತುಂಬಿದಾಗ ಪೀಣ್ಯದ ಆಪರೇಟರು ಮಾಡುವುದೂ ಇದೇ.

ಒಂದು ಮಾತು ಇಲ್ಲಿ ಗೊತ್ತಿರಬೇಕು. ದಿಕ್ಸೂಚಿಯಷ್ಟೇ ಇರುವ ಆಟೋಪೈಲಟ್ ಬೋಟಿನ ಮೂತಿಯನ್ನು ಒಂದು ದಿಕ್ಕಿಗೆ ಹಿಡಿಯುತ್ತದೆ, ಅಷ್ಟೇ. ನೀರಿನ ಸೆಳೆತ ಬೋಟನ್ನು ಪಕ್ಕಕ್ಕೆ ಒಯ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಮೂತಿ ನೆಟ್ಟಗಿದ್ದೇ ಬೋಟು ಬೇರೆಲ್ಲಿಗೋ ತಲುಪುತ್ತದೆ. ಜಿಪಿಎಸ್ ಜೋಡಿಸಿದರೆ ಮಾತ್ರ ಅದು ಗೆರೆ ಬಿಡದೆ ಸಾಗುತ್ತದೆ. ಮಿನೋರ್ಸ್ಕಿಯ ಲೆಕ್ಕವೂ ಉಪಗ್ರಹದ ಲೆಕ್ಕವೂ ಸೇರುವುದು ಇಲ್ಲಿ.

ಹೊಸ ಅಪಾಯ ಹುಟ್ಟುವುದೂ ಇಲ್ಲಿಯೇ. ಹಿಂದೆ ಒಂದೇ ಬಂದರಿಗೆ ಮರಳುವ ಹತ್ತು ಬೋಟುಗಳು ಹತ್ತು ದಾರಿಯಲ್ಲಿ ಬರುತ್ತಿದ್ದವು. ಕೈಯ ತಪ್ಪುಗಳೇ ಅವುಗಳ ನಡುವೆ ಅಂತರ ಉಳಿಸುತ್ತಿದ್ದವು. ಈಗ ಹೋಗುವವರೂ ಬರುವವರೂ ಒಂದೇ ಬಿಂದು ಗುರುತಿಟ್ಟುಕೊಂಡರೆ ಎಲ್ಲರೂ ಒಂದೇ ಗೆರೆಯ ಮೇಲೆ, ಮೂತಿಗೆ ಮೂತಿ ಎದುರಾಗಿ ಸಾಗುತ್ತಾರೆ. ಇನ್ನೊಂದು ಅಪಾಯ, ಚುಕ್ಕಾಣಿ ಯಾರ ಕೈಯಲ್ಲಿದೆ ಎಂಬ ಗೊಂದಲ. 1967ರ ಮಾರ್ಚ್ 18ರಂದು ‘ಟಾರಿ ಕ್ಯಾನಿಯನ್’ ಎಂಬ ತೈಲ ಹಡಗು ಇಂಗ್ಲೆಂಡಿನ ಬಳಿ ಬಂಡೆಗೆ ಬಡಿಯಿತು. ಕೊನೆಯ ನಿಮಿಷಗಳಲ್ಲಿ ಚಕ್ರ ತಿರುಗಿಸಿದರೂ ಹಡಗು ತಿರುಗಲಿಲ್ಲ. ಚುಕ್ಕಾಣಿಯ ಹಿಡಿತ ಬದಲಿಸುವ ಸನ್ನೆ ತಪ್ಪು ಜಾಗದಲ್ಲಿತ್ತು. ಮೂರನೆಯದು ಎಲ್ಲಕ್ಕಿಂತ ಸಾಮಾನ್ಯ: ನಿದ್ದೆ. ಮೂರು ರಾತ್ರಿ ಬಲೆ ಎಳೆದವನಿಗೆ ಚಕ್ರವನ್ನೂ ಯಂತ್ರ ಹಿಡಿದುಕೊಂಡರೆ ಕಣ್ಣು ಮುಚ್ಚದೆ ಇರುತ್ತದೆಯೇ? ಸಮುದ್ರದ ಅಂತರರಾಷ್ಟ್ರೀಯ ನಿಯಮಗಳಲ್ಲಿ ಐದನೆಯದು, ಪ್ರತಿ ನೌಕೆಯಲ್ಲೂ ಎಲ್ಲ ಹೊತ್ತಿನಲ್ಲೂ ಕಣ್ಣು ಕಿವಿ ತೆರೆದ ಕಾವಲಿರಬೇಕು ಎನ್ನುತ್ತದೆ. ಆಟೋಪೈಲಟ್ ಇದ್ದವರಿಗೆ ವಿನಾಯಿತಿಯಿಲ್ಲ.

ಮಿನೋರ್ಸ್ಕಿ ಚುಕ್ಕಾಣಿಗನಿಂದ ತೆಗೆದುಕೊಂಡದ್ದು ಕೈಯ ವಿದ್ಯೆಯನ್ನು. ಅದೇ ಮನುಷ್ಯನ ಕಣ್ಣು ಅಷ್ಟು ಹೊತ್ತೂ ಎದುರಿನ ದೀಪ, ತೇಲುವ ಮರ, ಬೇರೆಯವರ ಬಲೆಯ ಬೆಂಡು, ಕಪ್ಪಾಗುತ್ತಿರುವ ಮೋಡ ನೋಡುತ್ತಿತ್ತು. ಅದು ಆ ಮೂರು ಅಕ್ಷರಗಳೊಳಗೆ ಬರಲಿಲ್ಲ. ಕೈಯೂ ಕಣ್ಣೂ ಒಂದೇ ದೇಹದಲ್ಲಿದ್ದಾಗ ಕೈಗೆ ಕೆಲಸವಿದ್ದ ಕಾರಣಕ್ಕೇ ಕಣ್ಣು ಎಚ್ಚರವಾಗಿತ್ತು. ಕೈಯನ್ನು ಬಿಡಿಸಿಕೊಂಡ ಮೇಲೆ ಎಚ್ಚರವನ್ನು ಬೇರೆಯಾಗಿ ಏರ್ಪಡಿಸಬೇಕು.

2018ರ ಡಿಸೆಂಬರ್ 13ರಂದು ‘ಸುವರ್ಣ ತ್ರಿಭುಜ’ ಎಂಬ ಬೋಟು ಏಳು ಮೀನುಗಾರರೊಂದಿಗೆ ಮಲ್ಪೆಯಿಂದ ಹೊರಟಿತು. ಎರಡು ಮೂರು ದಿನಗಳಲ್ಲಿ ಸಂಪರ್ಕ ಕಡಿಯಿತು. ಮನೆಯವರು ತಿಂಗಳುಗಟ್ಟಲೆ ಕಾದರು. 2019ರ ಮೇ ಆರಂಭದಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣ್ ಕರಾವಳಿಯಾಚೆ ಸಮುದ್ರದ ತಳದಲ್ಲಿ ಅದರ ಅವಶೇಷ ಕಂಡಿತು. ಅದನ್ನು ಇಲ್ಲಿ ನೆನೆಯುವುದು ಯಾವ ಯಂತ್ರವನ್ನೂ ದೂರಲಿಕ್ಕಲ್ಲ. ತನ್ನ ಜಾಗ ಬೋಟಿಗೆ ಗೊತ್ತಿದ್ದರೆ ಸಾಲದು, ದಡಕ್ಕೂ ಗೊತ್ತಿರಬೇಕು ಎಂಬುದನ್ನು ಮಲ್ಪೆ ಆ ನಾಲ್ಕೂವರೆ ತಿಂಗಳಲ್ಲಿ ಅನುಭವಿಸಿತು.

ಇಸ್ರೋ ರೂಪಿಸಿದ ಅಪಾಯಸೂಚಕ ಟ್ರಾನ್ಸ್‌ಮಿಟರು 2010ರಿಂದ ಬಳಕೆಯಲ್ಲಿದೆ. ಬೋಟಿನವರು ಗುಂಡಿ ಒತ್ತಿದರೆ ಬೆಂಕಿಯೋ, ಮುಳುಗಡೆಯೋ, ಕಾಯಿಲೆಯೋ ಎಂಬ ಸಂಕೇತ ಉಪಗ್ರಹಕ್ಕೆ ಹೋಗಿ, ಬೆಂಗಳೂರಿನ ಇಸ್ಟ್ರಾಕ್‌ನಲ್ಲಿರುವ ನಿಯಂತ್ರಣ ಕೇಂದ್ರಕ್ಕೆ ಇಳಿಯುತ್ತದೆ. ಅಲ್ಲಿಂದ ಕರಾವಳಿ ಕಾವಲು ಪಡೆಗೆ. 2024ರ ಜನವರಿಯಲ್ಲಿ ಬಂದ ಎರಡನೇ ತಲೆಮಾರಿನ ಸಾಧನದಲ್ಲಿ ‘ನಿಮ್ಮ ಕೂಗು ಕೇಳಿಸಿತು’ ಎಂಬ ಉತ್ತರವೂ ಬೋಟಿಗೆ ಬರುತ್ತದೆ. ಅದೇ ವರ್ಷ ಆಗಸ್ಟ್ 30ರಂದು ಒಂದು ಲಕ್ಷ ಮೀನುಗಾರಿಕೆ ಬೋಟುಗಳಿಗೆ ಟ್ರಾನ್ಸ್‌ಪಾಂಡರು ಕೂರಿಸುವ ಕೇಂದ್ರ ಸರ್ಕಾರದ ಯೋಜನೆ ಶುರುವಾಯಿತು.

ಹಾಗಾಗಿ ಬೋಟಿಗೆ ಆಟೋಪೈಲಟ್ ಹಾಕಿಸಬೇಕೇ ಎಂದು ಯಾರಾದರೂ ಕೇಳಿದರೆ, ಹಾಕಿಸಿ ಎನ್ನುವುದೇ ಸರಿ. ತೋಳು ಸೋತವನು ಚಕ್ರ ಹಿಡಿದು ತೂಕಡಿಸುವುದೂ ಅಪಾಯವೇ. ಆದರೆ ಅದರ ಖರ್ಚಿನ ಜೊತೆಗೇ ಮೂರು ಸಣ್ಣ ಏರ್ಪಾಡುಗಳಿರಲಿ: ರಾತ್ರಿಗೆ ಪಾಳಿ, ಹತ್ತು ನಿಮಿಷಕ್ಕೊಮ್ಮೆ ಕೂಗಿ, ಗುಂಡಿ ಒತ್ತಿದರಷ್ಟೇ ಸುಮ್ಮನಾಗುವ ಅಲಾರಂ, ಯಂತ್ರವನ್ನು ಬಿಡಿಸಿ ಚಕ್ರ ಕೈಗೆ ತೆಗೆದುಕೊಳ್ಳುವುದು ಹೇಗೆಂದು ಅಡುಗೆಯ ಹುಡುಗನಿಗೂ ಗೊತ್ತಿರುವುದು. ಪೀಣ್ಯದ ಎರಡನೇ ಹಂತದಲ್ಲಿ ಆ ರಾತ್ರಿ ಯಾರೋ ಒಬ್ಬರು ಪಾಳಿಯಲ್ಲಿ ಕೂತು ಪರದೆ ನೋಡುತ್ತಿರುತ್ತಾರೆ. ಬೋಟಿನಲ್ಲೂ ಒಬ್ಬರು ಕೂತಿರಬೇಕು.