ಚಾಂಚಲ್ಯವೂ ಸ್ವಲೀನತೆಯೂ: ಒಂದು ಗೆರೆಯ ಚರಿತ್ರೆ

ಬಾಲಕನೊಬ್ಬನು ಪಾಠಕ್ಕೆ ಕಿವಿಗೊಡದೆ ಕುಳಿತಿದ್ದರೆ ಅವನ ಚಿತ್ತವು ಎತ್ತ ಹೋಗಿದೆಯೆಂದು ಕೇಳುವವರು ವಿರಳ. ಬೆತ್ತವನ್ನು ಹುಡುಕುವವರೇ ಹೆಚ್ಚು. ಬುದ್ಧಿಯಲ್ಲಿ ಕುಂದಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳನ್ನು ಕುರಿತು ಜಾರ್ಜ್ ಸ್ಟಿಲ್ ಮಹಾಶಯನು 1902ರಲ್ಲಿ ಲಂಡನ್ನಿನಲ್ಲಿ ಮೂರು ಉಪನ್ಯಾಸಗಳನ್ನಿತ್ತನು. ನೈತಿಕ ನಿಗ್ರಹದ ಕೊರತೆಯೆಂದು ಅವನಿಟ್ಟ ಹೆಸರು ಕಠೋರವಾದುದೇ ಸರಿ. ಆದರೆ ಕೆಟ್ಟ ಸಾಕಣೆಯೊಂದೇ ಇದಕ್ಕೆ ಕಾರಣವಲ್ಲವೆಂದು ಅವನು ಕಂಡುಕೊಂಡನು. ಇಂದು ಎಡಿಎಚ್‌ಡಿ ಎನಿಸಿಕೊಳ್ಳುವ ಚಾಂಚಲ್ಯದ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಇಲ್ಲಿಂದಲೇ ತೊಡಗುತ್ತಾರೆ.

ಸ್ವಲೀನತೆಯ, ಎಂದರೆ ಆಟಿಸಮ್ಮಿನ, ಕಥೆಯು ಬೇರೆ ಊರುಗಳಲ್ಲಿ ಬೆಳೆಯಿತು. ಮಾಸ್ಕೋದ ಗ್ರುನ್ಯಾ ಸುಖರೇವಾ ಎಂಬ ವೈದ್ಯೆಯು 1925ರಲ್ಲಿ 6 ಮಂದಿ ಬಾಲಕರನ್ನೂ, ಬಾಲ್ಟಿಮೋರಿನ ಲಿಯೋ ಕ್ಯಾನರನು 1943ರಲ್ಲಿ 11 ಮಂದಿ ಮಕ್ಕಳನ್ನೂ, ವಿಯೆನ್ನಾದ ಹಾನ್ಸ್ ಆಸ್ಪರ್ಗರನು 1944ರಲ್ಲಿ 4 ಮಂದಿ ಬಾಲಕರನ್ನೂ ವರ್ಣಿಸಿದರು. ಆಸ್ಪರ್ಗರನ ಹೆಸರನ್ನು ಇಂದು ನಿಸ್ಸಂಕೋಚವಾಗಿ ಎತ್ತುವಂತಿಲ್ಲ. ಮಕ್ಕಳನ್ನು ಕೊಲ್ಲುತ್ತಿದ್ದ ಶ್ಪೀಗಲ್‌ಗ್ರುಂಡ್ ಸಂಸ್ಥೆಗೆ ಅವನೇ ಕೆಲವರನ್ನು ಕಳುಹಿಸಿದ್ದನೆಂಬುದು 2018ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಸಿದ್ಧವಾಗಿದೆ. ಆದರೂ ನಮ್ಮ ವಿಷಯಕ್ಕೆ ಅವನ ಒಂದು ಅವಲೋಕನವು ಅವಶ್ಯ. ಈ ಬಾಲಕರಲ್ಲಿ ಅವಧಾನದ ತೊಡಕು ಬಹುಮಟ್ಟಿಗೆ ಇದ್ದೇ ಇರುವುದೆಂದೂ, ಹೊರಗಿನ ಸದ್ದುಗದ್ದಲವು ಅವರನ್ನು ಸೆಳೆಯುವುದಕ್ಕಿಂತ ಹೆಚ್ಚಾಗಿ ತಮ್ಮೊಳಗಿನ ಆಲೋಚನೆಯನ್ನೇ ಅವರು ಹಿಂಬಾಲಿಸುವರೆಂದೂ ಅವನು ಬರೆದನು.

ಎರಡು ಸ್ಥಿತಿಗಳು ಒಂದನ್ನೊಂದು ಹೋಲುವುದೂ ಅಗಲುವುದೂ ಈ ಎಡೆಯಲ್ಲಿಯೇ. ಗೆಳೆಯನು ಆಡಿದ ಮಾತು ಇಬ್ಬರು ಬಾಲಕರಿಗೆ ತಪ್ಪಿಹೋಯಿತೆನ್ನೋಣ. ಚಂಚಲನಿಗೆ ನಡುವೆ ಮನಸ್ಸು ಜಾರಿತು, ಇಲ್ಲವೆ ಮಾತು ಮುಗಿಯುವವರೆಗೆ ತಾಳಲಾಗಲಿಲ್ಲ. ಸ್ವಲೀನನು ಪ್ರತಿಯೊಂದು ಶಬ್ದವನ್ನೂ ಕೇಳಿರಬಹುದು; ದನಿಯಲ್ಲಿಯೂ ಮುಖದಲ್ಲಿಯೂ ಅಡಗಿದ್ದ ಅಭಿಪ್ರಾಯವು ಅವನಿಗೆ ದಕ್ಕಲಿಲ್ಲ, ಅಥವಾ ಹಿಡಿದ ಎಣಿಕೆಯಿಂದ ಬಿಡಿಸಿಕೊಂಡು ಬರುವುದು ಕಷ್ಟವಾಯಿತು. ಪರೀಕ್ಷಕನ ಕಾಗದದಲ್ಲಿ ಇಬ್ಬರಿಗೂ ಒಂದೇ ಅಂಕ ಬೀಳಬಹುದು. ಇದಲ್ಲದೆ ಎರಡೂ ಒಬ್ಬನಲ್ಲಿಯೇ ಕೂಡಿರುವುದು ಅಪರೂಪವಲ್ಲ.

ಈ ಕಡೆಯ ಮಾತನ್ನು ಶಾಸ್ತ್ರವು ಒಪ್ಪಲು ಬಹುಕಾಲ ಹಿಡಿಯಿತು. ಅಮೆರಿಕದ ಮನೋವೈದ್ಯ ಸಂಘದ ನಿರ್ಣಯಗ್ರಂಥವು 1980ರಲ್ಲಿ ಇವೆರಡಕ್ಕೂ ಪ್ರತ್ಯೇಕ ಶೀರ್ಷಿಕೆಗಳನ್ನು ಕೊಟ್ಟಿತು. 1994ರ ಆವೃತ್ತಿಯಲ್ಲಿಯೂ, ಸ್ವಲೀನತೆಯನ್ನು ನಿರ್ಣಯಿಸಿದ ಮಗುವಿಗೆ ಎಡಿಎಚ್‌ಡಿಯನ್ನು ಹೇಳಕೂಡದೆಂಬ ನಿಯಮವಿದ್ದಿತು. ದೊಡ್ಡ ಹೆಸರು ಸಣ್ಣ ಹೆಸರನ್ನು ನುಂಗಿತೆನ್ನಬೇಕು. ಆಸ್ಪರ್ಗರನ ಲೇಖನವಾದರೋ 1991ರಲ್ಲಿಯೇ ಇಂಗ್ಲಿಷಿಗೆ ಬಂದಿದ್ದಿತು! ನಿಯಮವನ್ನು ತೆಗೆದುದು 2013ರಲ್ಲಿ. 1994ರಲ್ಲಿ 7 ವರ್ಷದವನಾಗಿದ್ದು, ಒಂದೇ ಹೆಸರನ್ನು ಪಡೆದು, ಒಂದಕ್ಕೆ ಮಾತ್ರ ಉಪಚಾರವನ್ನು ಕಂಡ ಬಾಲಕನಿಗೆ ಆ ವೇಳೆಗೆ 26 ತುಂಬಿದ್ದಿತು.